ಹಿತ್ತಾಳೆ ಚಕ್ರ ಇದ್ದರೆ ಸ್ಟೀಮ್‌ಪಂಕ್ ಕಥೆ ಆಯಿತಾ?

ಶಿರಸಿ ಅಕ್ಕೋರು:
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹಳೆ ವಿದ್ಯಾರ್ಥಿಗಳು ತರುವ ಸಂಚಿಕೆಗೆ ಕಥೆ ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಈ ಸಲ ಮೂರು ಕಥೆಗಳ ಮೇಲೆ ‘ಸ್ಟೀಮ್‌ಪಂಕ್’ ಎಂದು ಬರೆದಿದೆ. ಜಾಗ ಇರುವುದು ಒಂದಕ್ಕೇ. ಈ ಪದವನ್ನೇ ನಾನು ಮೊದಲ ಸಲ ಕೇಳಿದ್ದು.

ಮೊದಲನೆಯದರಲ್ಲಿ ಕಾರವಾರ ಬಂದರಿನಿಂದ ಉಗಿಯ ಹಾರುವ ಹಡಗು ಹೊರಡುತ್ತದೆ. ನಾಯಕನ ಟೋಪಿಗೆ ಹಿತ್ತಾಳೆ ಚಕ್ರ, ಕನ್ನಡಕಕ್ಕೆ ಚಕ್ರ, ಊರುಗೋಲಿಗೂ ಚಕ್ರ. ಸುಮ್ನೆ ಎಣಿಸಿದೆ, ಎರಡು ಪುಟದಲ್ಲಿ ಹನ್ನೊಂದು ಸಲ ‘ಹಿತ್ತಾಳೆ’! ಎರಡನೆಯದರಲ್ಲಿ ಉಗಿಯಂತ್ರ ಅಡಿಕೆ ಸುಲಿಯುತ್ತದೆ, ಅಷ್ಟೇ. ಆದರೆ ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರ ಮಾತುಕತೆ ನಿಂತುಹೋಗುತ್ತದೆ. ಎರಡು ದಿನ ಅದೇ ತಲೆಯಲ್ಲಿತ್ತು. ಮೂರನೆಯದರ ಅಕ್ಷರ ಕೋಳಿಕಾಲು, ಅರ್ಧಕ್ಕೇ ಬಿಟ್ಟೆ. ಇಂಥ ಕಥೆಯಲ್ಲಿ ಏನು ನೋಡಬೇಕು? ತಿಳಿದವರು ಹೇಳಿ.

ಕಾಳಿ ಸೇತುವೆ (ಕಾರವಾರ):
ಅಕ್ಕೋರೇ, ಹತ್ತೊಂಬತ್ತನೇ ಶತಮಾನದ ಉಗಿಯಂತ್ರಗಳನ್ನು ಇಟ್ಟುಕೊಂಡು ‘ಹೀಗಾಗಿದ್ದರೆ?’ ಎಂದು ಕಲ್ಪಿಸುವ ಕಥೆಗಳಿಗೆ ಸ್ಟೀಮ್‌ಪಂಕ್ ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು ಅರ್ಧ ತಮಾಷೆಗೆ. 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಲೇಖಕ ‘ಲೋಕಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ತನ್ನ ಮತ್ತು ಗೆಳೆಯರ ಕಥೆಗಳನ್ನು ಹಾಗೆ ಕರೆದ. ಆಗ ಸೈಬರ್‌ಪಂಕ್ ಅಂತ ಕಂಪ್ಯೂಟರ್ ಕಥೆಗಳ ಅಬ್ಬರ, ಅದನ್ನು ಅಣಕಿಸಿದ್ದು.

ನಾನು ನೋಡುವುದು ಒಂದೇ. ಕಥೆಗಾರ ಇತಿಹಾಸದಲ್ಲಿ ಒಂದು ಸುಳ್ಳು ಹೇಳಬಹುದು. ಆಮೇಲೆ ಆ ಸುಳ್ಳಿನ ಲೆಕ್ಕ ಕೊಡಬೇಕು. ನಮ್ಮೂರನ್ನೇ ನೋಡಿ. ಅಮೆರಿಕದಲ್ಲಿ ಯುದ್ಧ ನಡೆದು ಇಂಗ್ಲೆಂಡಿನ ಲಂಕಾಷೈರಿನ ಬಟ್ಟೆ ಗಿರಣಿಗಳಿಗೆ ಹತ್ತಿ ಸಿಗದಿದ್ದಾಗ ಎಲ್ಲರ ಕಣ್ಣು ಕಾರವಾರ ಬಂದರಿನ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ರೈಲಿನ ಮಾತೂ ಎದ್ದಿತ್ತು. ಕಡೆಗೆ ಹಳಿ ಹೋಗಿದ್ದು ಗೋವಾದ ಮುರಗಾಂವಿಗೆ. ಆ ರೈಲು ಇಲ್ಲಿಗೆ ಬಂದಿದ್ದರೆ? ಹತ್ತಿಗಾಡಿ ಹೊಡೆಯುವವನ ಕೆಲಸ ಏನಾಗುತ್ತಿತ್ತು? ಬೈತಖೋಲದ ಮೀನುಗಾರರ ಮನೆ ಎಲ್ಲಿರುತ್ತಿತ್ತು? ಹಾರುವ ಹಡಗಿನ ಕಥೆ ಬರೆದ ಹುಡುಗ ಇದನ್ನು ಒಂದು ಸಾಲಿನಲ್ಲಾದರೂ ಯೋಚಿಸಿದ್ದಾನಾ ನೋಡಿ. (ವರ್ಷಗಟ್ಟಲೆ ಕಾಗದದಲ್ಲೇ ಉಳಿದ ಹುಬ್ಬಳ್ಳಿ–ಅಂಕೋಲಾ ರೈಲಿನ ಬಗ್ಗೆ ಬರೆದರೆ ಅದೂ ಕಾಲ್ಪನಿಕ ಕಥೆಯೇ, ಬಿಡಿ.)

ಇನ್ನೊಂದು, ಯಂತ್ರದ ಮೇಲೆ ಕೂತವರು ಯಾರು? 1880ರಲ್ಲಿ ಫ್ರಾನ್ಸಿನ ಲೇಖಕ ಜೂಲ್ಸ್ ವರ್ನ್ ತನ್ನ ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಕಬ್ಬಿಣದ ಆನೆಯನ್ನು ನಮ್ಮ ದೇಶದಲ್ಲೇ ಓಡಿಸಿದ. ಅದು ಎಳೆಯುವ ಮನೆಯಲ್ಲಿ ಆರಾಮಾಗಿ ಕೂತವರು ಬಿಳಿಯರು. ಅದೇ ವರ್ನ್ ಅದಕ್ಕೂ ಮೊದಲು ತನ್ನ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊನನ್ನು ಬುಂದೇಲಖಂಡದ ರಾಜಕುಮಾರ, ಟಿಪ್ಪುವಿನ ಸಂಬಂಧಿ ಎಂದು ಬರೆದಿದ್ದ. ನನಗೆ ಆನೆಗಿಂತ ನೆಮೊ ಜಾಸ್ತಿ ಇಷ್ಟ.

ಬಾಯ್ಲರ್ ಮಾವ (ಕುಮಟಾ):
ನನಗೆ ಸಾಹಿತ್ಯ ಗೊತ್ತಿಲ್ಲ. ಕುಚ್ಚಲಕ್ಕಿ ಮಿಲ್ಲಿನಲ್ಲಿ 22 ವರ್ಷ ಬಾಯ್ಲರ್ ನೋಡಿಕೊಂಡವನು. ಉಮಿ ಉರಿಸುವುದು, ನೀರು ನೋಡುವುದು, ಅಷ್ಟೇ ಜೀವನ.

ಮಗಳು ಇಂಥದೊಂದು ಪುಸ್ತಕ ಕೊಟ್ಟಿದ್ದಳು. ನಾನು ಮೊದಲು ಹುಡುಕಿದ್ದು ನೀರನ್ನು. 1 ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಆ ಜಾಗ ಕೊಡದೆ ಕಟ್ಟಿಹಾಕುವುದೇ ಬಾಯ್ಲರ್. ಪುಸ್ತಕದ ನಾಯಕ ಮೂರು ದಿನ ಹಾರಿದ, ಒಂದು ಸಲವೂ ನೀರು ತುಂಬಲಿಲ್ಲ! ಕಾರವಾರದ ಹುಡುಗ ಸಮುದ್ರದ ನೀರು ತುಂಬಿದ್ದಾನಾ? ಮೊದಮೊದಲ ಆಗಬೋಟುಗಳಲ್ಲಿ, ಅಂದರೆ ಉಗಿ ಹಡಗುಗಳಲ್ಲಿ, ತುಂಬುತ್ತಿದ್ದರು. ಆದರೆ ಒತ್ತಡ ಕಡಿಮೆ ಇಡಬೇಕು, ಆಗಾಗ ಉಪ್ಪುನೀರು ಹೊರಗೆ ಬಿಡಬೇಕು. ಇಲ್ಲದಿದ್ದರೆ ಒಳಗೆ ಕಲ್ಲಿನ ಹಾಗೆ ಪದರ ಕಟ್ಟಿ ತಗಡು ಸುಡುತ್ತದೆ.

ಹಾರುವುದು ಸುಳ್ಳು ಎಂದು ಮಾತ್ರ ತೆಗೆದುಹಾಕಬೇಡಿ. 1852ರಲ್ಲಿ ಫ್ರಾನ್ಸಿನ ಜಿಫಾರ್ 3 ಅಶ್ವಶಕ್ತಿಯ ಉಗಿ ಇಂಜಿನ್ ಕಟ್ಟಿಕೊಂಡು ಪ್ಯಾರಿಸ್‌ನಿಂದ ಸುಮಾರು 27 ಕಿ.ಮೀ. ಹಾರಿದ್ದ. ತಲೆಯ ಮೇಲೆ ಬಲೂನಿನಲ್ಲಿ ಬೆಂಕಿ ಹಿಡಿಯುವ ಗ್ಯಾಸು, ಕೆಳಗೆ ಒಲೆ. ಅದಕ್ಕೇ ಚಿಮಣಿಯ ಬಾಯಿ ಕೆಳಗೆ ತಿರುಗಿಸಿದ್ದ. ಕಥೆಯಲ್ಲಿ ಅಂಥ ಒಂದು ಚಿಮಣಿ ಇದ್ದರೆ ಹನ್ನೊಂದು ಹಿತ್ತಾಳೆಯನ್ನೂ ಮಾಫಿ ಮಾಡುತ್ತೇನೆ.

ಮತ್ತೆ ಒಲೆಗೆ ಸೌದೆ ಹಾಕುವವನು. ಒಮ್ಮೆ ನನ್ನ ಮುಂದೆ ಗೇಜ್ ಗ್ಲಾಸ್ ಒಡೆಯಿತು. ಬೆರಳು ದಪ್ಪದ ಗಾಜಿನ ಕೊಳವೆ ಅದು, ಒಳಗೆ ನೀರು ಎಷ್ಟಿದೆ ಅಂತ ತೋರಿಸುವುದು. ಅಂಗಿ ತೋಳು ಮಡಚಿದ್ದೆ. ಮೊಣಕೈವರೆಗಿನ ಕಲೆ ಇನ್ನೂ ಇದೆ. ಹೊಸ ಗಾಜಿನ ದುಡ್ಡನ್ನು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದರು. ಅಂಥವನು ಒಬ್ಬನೂ ಇಲ್ಲದ ಉಗಿ ಕಥೆ ನನಗೆ ರುಚಿಸುವುದಿಲ್ಲ.

ಮುಂಡಾಸು:
ನಿಮ್ಮದು ಜಾಸ್ತಿ ಆಯಿತು ಮಾವ. ಯಕ್ಷಗಾನದಲ್ಲಿ ಕರ್ಣ ಅಷ್ಟು ದೊಡ್ಡ ಕಿರೀಟ ಹೊತ್ತು ಯುದ್ಧ ಹೇಗೆ ಮಾಡುತ್ತಾನೆ ಅಂತ ಯಾರಾದರೂ ಕೇಳುತ್ತಾರಾ? ವೇಷವೂ ಒಂದು ರಸವೇ. ಹಿತ್ತಾಳೆ ಹೊಳೆಯಲಿ ಬಿಡಿ.

ಬಾಯ್ಲರ್ ಮಾವ:
ಕಿರೀಟ ಇರಲಿ ತಮ್ಮಾ, ಬೇಡ ಅಂದೆನಾ? ಆದರೆ ವೇಷ ರಂಗಕ್ಕೆ ಬಂದು ಕುಣಿಯಬೇಕಲ್ವಾ? ಬಣ್ಣ ಹಚ್ಚುವ ಚೌಕಿಯಲ್ಲೇ ಕೂತಿದ್ದರೆ?

ಶಿರಸಿ ಅಕ್ಕೋರು:
ನಿನ್ನೆ ರಾತ್ರಿ ಮೂರೂ ಮತ್ತೆ ಓದಿದೆ. ಹಾರುವ ಹಡಗಿನಲ್ಲಿ ನೀರೂ ಇಲ್ಲ, ಒಲೆಯವನೂ ಇಲ್ಲ. ಮುಂಡಾಸು ಅವರೇ, ವೇಷ ಚೆನ್ನಾಗಿದೆ, ಆದರೆ ನಿಜವಾಗಿ ಚೌಕಿಯಲ್ಲೇ ಕೂತಿದೆ. ಅಡಿಕೆ ಕಥೆಯೇ ಎಂದುಕೊಂಡಿದ್ದೆ. ಆಮೇಲೆ ಆ ಕೋಳಿಕಾಲು ಅಕ್ಷರದ ಕಥೆ ಪೂರ್ತಿ ಓದಿದೆ. ಅಘನಾಶಿನಿ ಹೊಳೆಯಲ್ಲಿ ಆಗಬೋಟು, ಅದರಲ್ಲಿ ಒಲೆಗೆ ಸೌದೆ ಹಾಕುವ ಹುಡುಗ. ಗಾಜು ಒಡೆದಾಗ ಅವನು ಒದ್ದೆ ಗೋಣಿಚೀಲ ಮುಖಕ್ಕೆ ಹಿಡಿದು, ಕಣ್ಣು ಮುಚ್ಚಿಕೊಂಡು, ಕೆಳಗಿನ ತಿರುಪನ್ನು ಮೊದಲು ಮುಚ್ಚುತ್ತಾನೆ. ಮೇಲಿನದು ಆಮೇಲೆ. ಮಾವ, ಇದು ಸರಿಯಾ?

ಬಾಯ್ಲರ್ ಮಾವ:
ಸರಿ. ಕೆಳಗಿನದು ನೀರಿನದು, ಅದೇ ಮೊದಲು. ಆ ಹುಡುಗ ಯಾವ ಮಿಲ್ಲಿನವನು ಅಂತ ಸ್ವಲ್ಪ ಕೇಳಿ ಹೇಳಿ ಅಕ್ಕೋರೇ.