ಜಿಆರ್86ಗೆ ಹೊಸ ರಿಮ್: 17×9 ಇಟಿ45 ಸರಿಯೇ, 18×9.5 ಇಟಿ35 ಸರಿಯೇ?

ಡಲ್ಲಾಸ್_ಕಾರ್ಪ್ರಿಯ

ಎಲ್ಲರಿಗೂ ನಮಸ್ಕಾರ. ಕಾರು 2023ರ ಟೊಯೋಟಾ ಜಿಆರ್86 ಪ್ರೀಮಿಯಂ, ಮ್ಯಾನುಯಲ್. ಸಸ್ಪೆನ್ಷನ್, ಬ್ರೇಕ್ ಎರಡೂ ಕಂಪನಿಯದ್ದೇ, ಏನನ್ನೂ ಬದಲಿಸಿಲ್ಲ. ಈಗಿರುವುದು 18×7.5 (ವ್ಯಾಸ × ಅಗಲ, ಇಂಚಿನಲ್ಲಿ), ಇಟಿ48 (ಇಟಿ ಅಂದರೆ ಆಫ್‌ಸೆಟ್, ಮಿಮೀಯಲ್ಲಿ) ರಿಮ್, ಟೈರ್ 215/40ಆರ್18 (ಅಗಲ ಮಿಮೀಯಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾವಾರು, ರಿಮ್ ವ್ಯಾಸ ಇಂಚಿನಲ್ಲಿ). ವಾರದ ದಿನಗಳಲ್ಲಿ ಆಫೀಸಿಗೆ ಇದೇ ಕಾರು. ಆಗಾಗ ಕ್ರೆಸ್ಸನ್ನಿನಲ್ಲೋ ಆಸ್ಟಿನ್ನಿನ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲೋ ಟ್ರ್ಯಾಕ್ ಡೇ ಇರುತ್ತದೆ.

ಕಣ್ಣಿಗೆ ಬಿದ್ದಿರುವುದು ಮೂರು:

1. ಫ್ಲೋ ಫಾರ್ಮ್ಡ್ 17×9, ಇಟಿ45. ಇದಕ್ಕೆ 245/40ಆರ್17 ಟೈರ್.
2. 18×9.5, ಇಟಿ35. ಹೆಸರಾಂತ ಫೋರ್ಜ್ಡ್ ವಿನ್ಯಾಸದ ನಕಲು, ಬೆಲೆ ಕಡಿಮೆ. ಫೆಂಡರ್ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ ಎನ್ನುತ್ತಾರೆ.
3. ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನ (ನಾಲ್ಕನೇ ತಲೆಮಾರು) ಸೆಕೆಂಡ್ ಹ್ಯಾಂಡ್ ರಿಮ್, 17×7 ಇಟಿ38. ಪಿಸಿಡಿ (ನಟ್ ರಂಧ್ರಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ) ನಮ್ಮದೇ, 5×100.

ಯಾವುದು ಉಜ್ಜದೆ ಕೂರುತ್ತದೆ? ರಿಮ್ ಬಿಟ್ಟು ಬೇರೆ ಏನೇನು ಕೊಳ್ಳಬೇಕಾಗುತ್ತದೆ?

---

ಮಿಮೀ_ಲೆಕ್ಕ

ಚಂದ ಆಮೇಲೆ ನೋಡೋಣ, ಮೊದಲು ಲೆಕ್ಕ. ರಿಮ್ಮಿನಲ್ಲಿ ಹಬ್ಬಿಗೆ (ಕಾರಿನಲ್ಲಿ ಚಕ್ರ ಕೂರುವ ನಡುಭಾಗ) ತಾಗುವ ಮುಖ ರಿಮ್ಮಿನ ಮಧ್ಯರೇಖೆಯಿಂದ ಎಷ್ಟು ಮಿಮೀ ಹೊರಗಡೆಗಿದೆ ಎಂಬುದೇ ಇಟಿ. ಇಟಿ ಇಳಿದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ಅಗಲ ಹೆಚ್ಚಿದರೆ ಅದರ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಹೋಗುತ್ತದೆ. ಇವೆರಡನ್ನೂ ಕೂಡಿಸಿಯೇ ನೋಡಬೇಕು.

ನಿಮ್ಮ 18×7.5 ಇಟಿ48 ಜೊತೆ ಹೋಲಿಸಿದರೆ:

17×9 ಇಟಿ45: ಅಗಲ 1.5 ಇಂಚು, ಅಂದರೆ 38 ಮಿಮೀ ಜಾಸ್ತಿ, ಅರ್ಧ 19. ಇಟಿ ವ್ಯತ್ಯಾಸ 3. ಹೊರಗೆ 22 ಮಿಮೀ, ಒಳಗೆ 16 ಮಿಮೀ.

18×9.5 ಇಟಿ35: ಅರ್ಧ ಅಗಲ 25.4, ಇಟಿ ವ್ಯತ್ಯಾಸ 13. ಹೊರಗೆ 38 ಮಿಮೀ, ಒಳಗೆ 12 ಮಿಮೀ. ಕಾರನ್ನು ಇಳಿಸದೆ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವ ಕೋನ) ಕೊಡದೆ ಇದು ಫೆಂಡರಿನ ಒಳಗೆ ನಿಲ್ಲುವುದಿಲ್ಲ, ಆಚೆ ಬರುತ್ತದೆ. ಫೋಟೋಗಳಲ್ಲಿ ಕಾಣುವ ಅಂಥ ಕಾರುಗಳೆಲ್ಲ ಇಳಿಸಿದವು, ಫೆಂಡರ್ ಅಂಚನ್ನು ಒಳಕ್ಕೆ ಮಡಿಸಿದವು. ಅದಕ್ಕಿಂತ ಮುಖ್ಯವಾದ ಮಾತು: ಚಕ್ರ ಅಷ್ಟು ಹೊರಕ್ಕೆ ಹೋದರೆ ಸ್ಕ್ರಬ್ ರೇಡಿಯಸ್ (ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ) ಬದಲಾಗುತ್ತದೆ. ರಸ್ತೆಯ ಗೀರು, ಉಬ್ಬು ಸಿಕ್ಕಾಗ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ, ವೀಲ್ ಬೇರಿಂಗ್ ಮೇಲೂ ಹೊರೆ ಏರುತ್ತದೆ. ಈ ಕಾರಿನ ಸ್ಟೀರಿಂಗನ್ನು ಮೆಚ್ಚಿ ಕೊಂಡವರು ಅದನ್ನೇ ಕೆಡಿಸಿಕೊಳ್ಳಬಾರದು.

ಗಾಲ್ಫ್ 17×7 ಇಟಿ38: ಹೊರಗೆ ಬರೀ 4 ಮಿಮೀ, ಒಳಗೆ 16 ಮಿಮೀ ಬಿಡುವೇ ಸಿಗುತ್ತದೆ. ಎಲ್ಲೂ ತಾಗದು. ಆದರೆ ಈಗಿರುವುದಕ್ಕಿಂತ ಕಿರಿದಾದ ರಿಮ್ ಹಾಕಿ ಟ್ರ್ಯಾಕಿಗೆ ಹೋಗಿ ಲಾಭವೇನು?

ಇನ್ನೊಂದು. ತಾಗುವುದು ರಿಮ್ ಅಲ್ಲ, ಟೈರಿನ ಪಕ್ಕ. 245 ಟೈರಿನ ಅಗಲವನ್ನು 8.5 ಇಂಚಿನ ರಿಮ್ಮಿನ ಮೇಲೆ ಅಳೆದಿರುತ್ತಾರೆ. ರಿಮ್ ಅರ್ಧ ಇಂಚು ಹೆಚ್ಚಾದರೆ ಟೈರ್ ಸುಮಾರು 5 ಮಿಮೀ ಅಗಲವಾಗುತ್ತದೆ, ಹಾಗಾಗಿ 9 ಇಂಚಿನ ಮೇಲೆ ಸುಮಾರು 250. 250ರಲ್ಲಿ 215 ಕಳೆದರೆ 35, ಅರ್ಧ 17.5. ಇಟಿ ಸೇರಿಸಿದರೆ ಒಳಗೆ 14.5, ಹೊರಗೆ 20.5. ಕಾರು ನೆಲದ ಮೇಲಿರುವಾಗ ಈಗಿನ ಟೈರಿಗೂ ಸ್ಟ್ರಟ್ಟಿಗೂ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ನಡುವಿನ ಸಂದನ್ನು ಅಳೆಯಿರಿ. ಅದರಲ್ಲಿ 14.5 ಕಳೆದ ಮೇಲೆ 4–5 ಮಿಮೀ ಉಳಿಯಬೇಕು. ಟೈರ್ ಕಂಪನಿಯಿಂದ ಕಂಪನಿಗೆ ಅಗಲ ವ್ಯತ್ಯಾಸವಾಗುವುದರಿಂದ, ಕೊಳ್ಳುವ ಟೈರಿನ ವಿವರಪಟ್ಟಿಯಲ್ಲಿನ ನಿಜವಾದ ಅಗಲವನ್ನೇ ಹಿಡಿಯಿರಿ.

ಹೊರವ್ಯಾಸ: 215/40ಆರ್18 ಅಂದರೆ 629 ಮಿಮೀ, 245/40ಆರ್17 ಅಂದರೆ 628. ಸ್ಪೀಡೋಮೀಟರ್, ಗೇರಿಂಗ್ ಯಾವುದಕ್ಕೂ ವ್ಯತ್ಯಾಸವಿಲ್ಲ. 18ರಲ್ಲಿ 235/40 ಹಾಕಿದರೆ 645 ಆಗುತ್ತದೆ, 2.5 ಶೇಕಡಾ ದೊಡ್ಡದು, ಒಳಗಿನ ಲೈನರಿಗೆ (ಫೆಂಡರ್ ಒಳಗಿನ ಹೊದಿಕೆ) ಉಜ್ಜುವ ಸಾಧ್ಯತೆ ಹೆಚ್ಚು. ನನ್ನ ಮತ ಮೊದಲನೆಯದಕ್ಕೆ, ನಾಲ್ಕೂ ಚಕ್ರ ಒಂದೇ ಅಳತೆ. ಮುಂದಿನದು ಹಿಂದಕ್ಕೆ ಬದಲಿಸಿ ಟೈರನ್ನು ಸಮನಾಗಿ ಸವೆಸಬಹುದು.

---

ಸ್ಪ್ಯಾನರ್_ಸ್ವಾಮಿ

ಮೇಲಿನವರ ಲೆಕ್ಕ ಸರಿಯಾಗಿದೆ ಸರ್. ನಾನು ನಟ್ಟು, ರಿಂಗಿನ ವಿಷಯ ಹೇಳ್ತೀನಿ. ಜನ ಎಡವೋದೇ ಇಲ್ಲಿ.

ಈ ಕಾರಿನ ಮೇಲೆ ಟೊಯೋಟಾ ಅಂತ ಇದ್ರೂ ತಯಾರಾಗೋದು ಸುಬಾರು ಕಾರ್ಖಾನೆಯಲ್ಲಿ, ಜಪಾನಿನ ಗುನ್ಮಾದಲ್ಲಿ. ಸ್ಟಡ್ (ನಟ್ ಹಾಕೋ ಥ್ರೆಡ್ ಇರೋ ಮೊಳೆ) ಕೂಡ ಸುಬಾರು ಅಳತೆಯದ್ದೇ: ಎಂ12×1.25, ಅಂದ್ರೆ 12 ಮಿಮೀ ದಪ್ಪ, ಥ್ರೆಡ್ ನಡುವೆ 1.25 ಮಿಮೀ. ಅಂಗಡಿಗೆ ಹೋಗಿ "ಟೊಯೋಟಾಗೆ ನಟ್ ಕೊಡಿ" ಅಂದ್ರೆ ಎಂ12×1.5 ಕೊಡ್ತಾರೆ. ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತೆ. ಇಂಪ್ಯಾಕ್ಟ್ ಗನ್ ಹಿಡಿದವರು ಅದನ್ನೂ ತಿರುಗಿಸಿಬಿಟ್ರೆ ಸ್ಟಡ್ಡಿನ ಥ್ರೆಡ್ ಹೋಯ್ತು. ಮೊದಲ ಐದಾರು ಸುತ್ತು ಯಾವಾಗ್ಲೂ ಕೈಯಲ್ಲೇ ಹಾಕಿ.

ಗಾಲ್ಫ್ ರಿಮ್ ಬೇಡ ಅನ್ನೋಕೆ ದೊಡ್ಡ ಕಾರಣ ನಟ್ ಕೂರೋ ಜಾಗ. ಫೋಕ್ಸ್‌ವ್ಯಾಗನ್ ರಿಮ್ಮಲ್ಲಿ ಅದು ಗುಂಡಗಿನ ಬಟ್ಟಲಿನ ಆಕಾರ. ನಮ್ಮ ನಟ್ 60 ಡಿಗ್ರಿ ಶಂಕು. ಶಂಕುವನ್ನ ಬಟ್ಟಲಲ್ಲಿ ಕೂರಿಸಿದ್ರೆ ಸಣ್ಣ ಗೆರೆಯಷ್ಟೇ ತಾಗೋದು. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತೆ, ಹಿಡಿತ ಮಾತ್ರ ಇರಲ್ಲ. ಬಿಸಿಯಾಗಿ ಕುಗ್ಗಿದ್ಮೇಲೆ ನಟ್ ಸಡಿಲ ಆಗುತ್ತೆ. ಇದ್ರಲ್ಲಿ ರಾಜಿ ಬೇಡ.

ಹಬ್ಬಿನ ವ್ಯಾಸ 56.1 ಮಿಮೀ. ಹೊರಗಿನ ರಿಮ್‌ಗಳು ಸಾಮಾನ್ಯವಾಗಿ 73.1 ಅಥವಾ ಆ ಸುಮಾರಿಗೆ ಇರುತ್ವೆ, ಹಾಗಾಗಿ ಹಬ್ ರಿಂಗ್ ಬೇಕು. ಭಾರ ಹೊರೋದು ರಿಂಗ್ ಅಲ್ಲ, ನಟ್ಟಿನ ಬಿಗಿತ. ರಿಂಗಿನ ಕೆಲಸ ಜೋಡಿಸುವಾಗ ಚಕ್ರವನ್ನ ನಡುಮಧ್ಯಕ್ಕೆ ತರೋದು. ಇಲ್ಲದಿದ್ರೆ 60–70 ಮೈಲಿ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಟ್ರ್ಯಾಕಿಗೆ ಹೋಗೋರು ಅಲ್ಯೂಮಿನಿಯಂ ರಿಂಗೇ ತಗೊಳ್ಳಿ, ಪ್ಲಾಸ್ಟಿಕ್ ಬ್ರೇಕ್ ಶಾಖಕ್ಕೆ ಕರಗಿ ಹಬ್ಬಿಗೆ ಅಂಟಿಕೊಳ್ಳುತ್ತೆ. ಹಾಕೋ ಮುಂಚೆ ಹಬ್ ತುಕ್ಕನ್ನ ವೈರ್ ಬ್ರಷ್‌ನಲ್ಲಿ ಉಜ್ಜಿ. ಆ್ಯಂಟಿ ಸೀಜ್ (ತುಕ್ಕಿಂದ ಅಂಟಿಕೊಳ್ಳದ ಹಾಗೆ ಹಚ್ಚೋ ಗ್ರೀಸ್‌ನಂಥ ಲೇಪ) ಹಬ್ಬಿನ ಅಂಚಿಗೆ ತೆಳ್ಳಗೆ ಮಾತ್ರ, ಸ್ಟಡ್ಡಿಗೆ ಬೇಡ. ಸ್ಟಡ್ಡಿಗೆ ಹಚ್ಚಿದ್ರೆ ಅದೇ ಟಾರ್ಕಿಗೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತೆ.

ಟಾರ್ಕ್ 120 ನ್ಯೂಟನ್ ಮೀಟರ್, ಅಂದ್ರೆ 89 ಪೌಂಡ್ ಅಡಿ, ನಕ್ಷತ್ರದ ಕ್ರಮದಲ್ಲಿ. ಹೊಸ ರಿಮ್ಮಿನ ನಟ್ ಕೂರೋ ಜಾಗದಲ್ಲಿ ಬಣ್ಣ ಇರುತ್ತೆ, ಅದು ಒತ್ತಿ ತೆಳ್ಳಗಾದಾಗ ಬಿಗಿತ ಇಳಿಯುತ್ತೆ. ಅದಕ್ಕೇ 50 ಮೈಲಿ ಆದ್ಮೇಲೆ ಮತ್ತೆ ನೋಡಬೇಕು. ಟ್ರ್ಯಾಕಲ್ಲಾದ್ರೆ ಪ್ರತಿ ಸೆಷನ್ ಮುಂಚೆ, ಚಕ್ರ ತಣ್ಣಗಿರುವಾಗ.

---

ಡಲ್ಲಾಸ್_ಕಾರ್ಪ್ರಿಯ

ಇಬ್ಬರಿಗೂ ಧನ್ಯವಾದ. ಗಾಲ್ಫ್ ರಿಮ್ ಕೈಬಿಟ್ಟೆ. ಎರಡು ಪ್ರಶ್ನೆ ಉಳಿದಿವೆ. 17×9 ಹಾಕಿದರೆ ಮುಂದಿನ ಫೆಂಡರಿಗೆ ಜಾಗ ಮಾಡಲು ಕ್ಯಾಂಬರ್ ಬೋಲ್ಟ್ ಸಾಕೇ? ನಕಲು ರಿಮ್ಮಿನ ಗಟ್ಟಿತನ ತಿಳಿಯುವುದು ಹೇಗೆ?

---

ಡೆಟ್ರಾಯಿಟ್_ಗೌಡ

ಕ್ಯಾಂಬರ್ ಬೋಲ್ಟ್ ಬಗ್ಗೆ ಒಂದು ಸೂಕ್ಷ್ಮ ಇದೆ. ಆ ಬೋಲ್ಟ್ ಕೂರುವುದು ಸ್ಟ್ರಟ್ ಮತ್ತು ನಕಲ್ (ಹಬ್ ಹಿಡಿದಿಡುವ ಲೋಹದ ಭಾಗ) ಸೇರುವ ಜಾಗದಲ್ಲಿ. ಅಲ್ಲಿ ಕ್ಯಾಂಬರ್ ಕೊಟ್ಟಾಗ ಚಕ್ರ ಮಾತ್ರ ವಾಲುತ್ತದೆ, ಸ್ಟ್ರಟ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಫೆಂಡರ್ ಕಡೆ ಸಿಕ್ಕ ಜಾಗ ಸ್ಟ್ರಟ್ ಕಡೆ ಕಳೆದುಹೋಗುತ್ತದೆ. ಮೇಲಿನ ಮೌಂಟ್ ಬದಲಿಸುವ ಕ್ಯಾಂಬರ್ ಪ್ಲೇಟ್ ಹಾಕಿದರೆ ಸ್ಟ್ರಟ್, ಚಕ್ರ ಎರಡೂ ಒಟ್ಟಿಗೆ ವಾಲುತ್ತವೆ, ಒಳಗಿನ ಸಂದು ಹಾಗೇ ಉಳಿಯುತ್ತದೆ. ಬೋಲ್ಟನ್ನೇ ಹಾಕುವುದಾದರೆ ಇಟಿ45ಕ್ಕಿಂತ ಇಟಿ42 ಸಿಕ್ಕರೆ ಒಳ್ಳೆಯದು, ಒಳಗೆ 3 ಮಿಮೀ ಹೆಚ್ಚು ಸಿಗುತ್ತದೆ. ಕಾರ್ಖಾನೆಯಿಂದ ಬರುವಾಗ ಮುಂದಿನ ಕ್ಯಾಂಬರ್ ಸೊನ್ನೆಯ ಆಸುಪಾಸು, ಹಾಗೇ ಟ್ರ್ಯಾಕಿಗಿಳಿದರೆ ಟೈರಿನ ಹೊರಭುಜ ಬೇಗ ಸವೆಯುತ್ತದೆ. ಎರಡು ಡಿಗ್ರಿ ನೆಗೆಟಿವ್ ಒಳ್ಳೆಯ ಗುರಿ. ಕ್ಯಾಂಬರ್ ಮುಟ್ಟಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಅಂದೇ ಅಲೈನ್‌ಮೆಂಟ್ ಮಾಡಿಸಿ.

ರಿಮ್ಮಿನ ಗಟ್ಟಿತನಕ್ಕೆ: ಹಿಂಬದಿಯಲ್ಲಿ ಜೆಡಬ್ಲ್ಯೂಎಲ್ ಗುರುತು ಹುಡುಕಿ. ಅದು ಜಪಾನಿನ ಮಾನದಂಡ, ತಯಾರಕರೇ ಹೊಡೆದುಕೊಳ್ಳಬಹುದು. ವಿಐಎ ಎಂದೂ ಇದ್ದರೆ ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದೆ ಎಂದರ್ಥ. ಭಾರದ ಮಿತಿ, ಉದಾಹರಣೆಗೆ 690 ಕೆಜಿ, ಅಚ್ಚಾಗಿರಬೇಕು. ಬಾಗಿಲ ಕಂಬದ ಚೀಟಿಯಲ್ಲಿರುವ ಆಕ್ಸಲ್ ಭಾರದ ಅರ್ಧಕ್ಕಿಂತ ಅದು ಹೆಚ್ಚಿರಲೇಬೇಕು. ಈ ಮೂರೂ ಇಲ್ಲದ ನಕಲನ್ನು ಟ್ರ್ಯಾಕಿಗೆ ಒಯ್ಯಬೇಡಿ. ಕಡ್ಡಿಗಳು ಹಬ್ಬಿಗೆ ಸೇರುವ ಬುಡದಲ್ಲಿ ಬಿರುಕು ಬಿಡುತ್ತವೆ, ಹೊರಗಿನಿಂದ ಬೇಗ ಕಾಣುವುದಿಲ್ಲ.

ಫ್ಲೋ ಫಾರ್ಮ್ಡ್ ಎಂದರೆ ಎರಕ ಹೊಯ್ದ ಮೇಲೆ ಸುತ್ತಿನ ಭಾಗವನ್ನು ಬಿಸಿಮಾಡಿ ರೋಲರ್‌ನಿಂದ ಒತ್ತಿ ಎಳೆದಿರುತ್ತಾರೆ. ಸುತ್ತು ತೆಳ್ಳಗಾದರೂ ಗಟ್ಟಿ, ಆದರೆ ಕಡ್ಡಿಗಳು ಎರಕದವೇ. 17×9 ಅಳತೆಯಲ್ಲಿ ಒಂದಕ್ಕೆ 8 ಕೆಜಿ ಆಸುಪಾಸು ತೂಗಿದರೆ ಚೆನ್ನಾಗಿದೆ. ಬೆಲೆಗೆ ತಕ್ಕ ಆಯ್ಕೆ ಇದೇ. ಫೋರ್ಜ್ಡ್ ಕೊಳ್ಳುವ ದುಡ್ಡಿದ್ದರೂ ನಾನು ಅದನ್ನು ಬ್ರೇಕ್ ಪ್ಯಾಡ್, ಬ್ರೇಕ್ ದ್ರವ ಮತ್ತು ಟೈರಿಗೆ ಹಾಕಿ ಎನ್ನುತ್ತೇನೆ.

ಗುಂಡಿಯ ರಸ್ತೆಗೂ 17 ಮೇಲು. 215/40ಆರ್18 ಟೈರಿನ ಪಕ್ಕದ ಎತ್ತರ 86 ಮಿಮೀ, 245/40ಆರ್17ದು 98. ಆ 12 ಮಿಮೀ ರಬ್ಬರ್ ರಿಮ್ಮಿನ ಅಂಚು ಬಾಗದಂತೆ ಕಾಯುತ್ತದೆ.

ನಿಮ್ಮದು ಕಂಪನಿಯ ಬ್ರೇಕ್ ಆದ್ದರಿಂದ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತಾಗುವ ಭಯ ಕಡಿಮೆ. ಮುಂದೆ ನಾಲ್ಕು ಪಿಸ್ಟನ್ನಿನ ಬ್ರೆಂಬೋ ಹಾಕುವ ಯೋಚನೆ ಇದ್ದರೆ, ಈಗಲೇ ಅದರ ಅಳತೆಯ ನಕ್ಷೆ ಮುದ್ರಿಸಿ, ರಟ್ಟಿನಲ್ಲಿ ಕತ್ತರಿಸಿ, ರಿಮ್ ಒಳಗಿಟ್ಟು ತಿರುಗಿಸಿ ನೋಡಿ. ಕಡ್ಡಿಗೂ ಕ್ಯಾಲಿಪರಿಗೂ ಕನಿಷ್ಠ 3 ಮಿಮೀ ಇರಲಿ. ಟೈರ್ ಒತ್ತಡದ ಸೆನ್ಸಾರ್ ಹೊಸದಾಗಿ ನಾಲ್ಕು ಕೊಂಡು ಹಳೆಯವುಗಳ ಐಡಿಯನ್ನೇ ಕ್ಲೋನ್ ಮಾಡಿಸಿ. ಎರಡು ಸೆಟ್ ಚಕ್ರ ಬದಲಿಸುವಾಗ ಪ್ರತಿ ಸಲ ಮತ್ತೆ ನೋಂದಾಯಿಸುವ ಕೆಲಸ ತಪ್ಪುತ್ತದೆ.

---

ಮಿಮೀ_ಲೆಕ್ಕ

ಗೌಡರ ಸ್ಟ್ರಟ್ ಮಾತಿಗೆ ಒಂದು ಸೇರ್ಪಡೆ. ಟೈರ್ ಹಾಕಿಸುವ ಮೊದಲು ಒಂದು ಖಾಲಿ ರಿಮ್ ಮಾತ್ರ ಮುಂದೆ ಜೋಡಿಸಿ, ಎರಡು ನಟ್ ಕೈಯಲ್ಲಿ ಬಿಗಿದು ಕೈಯಿಂದ ತಿರುಗಿಸಿ ನೋಡಿ. ಟೈರ್ ಹಾಕಿದ ರಿಮ್ಮನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಟೈರ್ ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಮುಂದಿನ ಲೈನರ್ ನೋಡಿ. ಉಜ್ಜಿದ ಗುರುತು ಇದ್ದರೆ ಅದು ಸಾಮಾನ್ಯವಾಗಿ ಬಂಪರ್ ಹಿಂದಿನ ಮೂಲೆಯಲ್ಲೇ ಇರುತ್ತದೆ.