ಸಹಾಯ ಬೇಕು: ಮರಾಠಿ ಬರೆಯಬಲ್ಲ ಕನ್ನಡಿಗರು, ಪುಣೆ

ನಮಸ್ಕಾರ. ಕೋಥ್ರೂಡಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಈಗ ಏಜೆನ್ಸಿಯವರು ರಾತ್ರಿ ಪಾಳಿಯನ್ನೇ ತೆಗೆಯುತ್ತಾರಂತೆ. ನಡುರಾತ್ರಿ ಅವರನ್ನು ಹೊರಳಿಸುವವರು ಯಾರು? ನನಗೆ ಕೂಲಿಗಿಂತ ಆ ಚಿಂತೆಯೇ ದೊಡ್ಡದಾಗಿದೆ.

ಅದಕ್ಕೇ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮನೆಗೆಲಸ ಮಾಡುವ ನಾವೆಲ್ಲ ಸಂಘ ಸೇರಿದ್ದೇವೆ. ಹಿಂದೆ 1980ರಲ್ಲೂ ಇದೇ ಊರಿನ ಮನೆಗೆಲಸದ ಹೆಂಗಸರು ಹೀಗೇ ಒಟ್ಟಾಗಿ ಮುಷ್ಕರ ಹೂಡಿದ್ದರು. ಪಾಳಿ ಉಳಿಸುವಂತೆ ಮನವಿಯನ್ನು ಮರಾಠಿಯಲ್ಲಿ ಬರೆಯಬೇಕು. ಮಹಾರಾಷ್ಟ್ರದ 2008ರ ಕಾಯ್ದೆಯಂತೆ ಮನೆಗೆಲಸದವರ ಕಲ್ಯಾಣ ಮಂಡಳಿಗೆ ಸೇರುವ ಅರ್ಜಿಯನ್ನೂ ಓದಿ ಅರ್ಥ ಹೇಳಬೇಕು. ಭಾನುವಾರ ಮಧ್ಯಾಹ್ನ ಎರಡು ತಾಸು ಬರುವಿರಾ? ಅಕ್ಕಂದಿರಾದರೆ ಒಳ್ಳೆಯದು, ಕೆಲವರು ಗಂಡಸರೆದುರು ಬಾಯಿ ಬಿಡುವುದಿಲ್ಲ. ಬರುವವರು ಇಲ್ಲೇ ತಿಳಿಸಿ.