ಅಪ್‌ಡೇಟ್: ಮ್ಯೂನಿಕ್ ಮನೆಗೆ ರೈಸ್ ಕುಕ್ಕರ್ ಬಂತು

ಜರ್ಮನಿಯಲ್ಲಿ ಹೊಸ ಮನೆಗೆ ಕಡಿಮೆ ದುಡ್ಡಲ್ಲಿ ಸಾಮಾನು ಹೊಂದಿಸುವುದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸಕ್ಕೆ ಬಂದಿದ್ದು ಇಡೆಯಾಲೊ (ಬೇರೆ ಬೇರೆ ಅಂಗಡಿಗಳ ಬೆಲೆ ಹೋಲಿಸುವ ವೆಬ್‌ಸೈಟ್) ನೋಡಿ ಅನ್ನೋ ಸಲಹೆ. ಬೆಲೆ 40 ಯೂರೋಗೆ ಇಳಿದರೆ ತಿಳಿಸಲಿ ಅಂತ ಅಲರ್ಟ್ ಇಟ್ಟೆ, ಒಂಬತ್ತನೇ ದಿನ ಮೇಲ್ ಬಂತು. ಕುಕ್ಕರ್ 38ಕ್ಕೆ ಸಿಕ್ಕಿತು!

ಬೆಲೆ ಏರಿಳಿತ ತೋರಿಸುವ ಕೀಪಾ ಕೂಡ ಚೆನ್ನಾಗಿದೆ, ಆದರೆ ಅದು ನೋಡುವುದು ಮುಖ್ಯವಾಗಿ ಅಮೆಜಾನ್ ಬೆಲೆ. ನವೆಂಬರ್ ಸೇಲ್‌ವರೆಗೆ ಕಾಯಿರಿ ಅಂದವರೇ, ಅಲ್ಲಿವರೆಗೆ ಬ್ರೆಡ್ ತಿಂದು ಬದುಕಬೇಕಿತ್ತು ಅಲ್ವಾ?

ನನಗೆ ಗೊತ್ತಿಲ್ಲದಿದ್ದ ಒಂದು ವಿಷಯ: ಗೀಟು ಹಾಕಿದ ಬೆಲೆ ಪಕ್ಕ 'ಯುವಿಪಿ' ಅಂತಿದ್ದರೆ ಅದು ತಯಾರಕರು ಸೂಚಿಸಿದ ಬೆಲೆ ಅಷ್ಟೇ. ಅಂಗಡಿ ಆ ಬೆಲೆಗೆ ಮಾರಿರಲೇಬೇಕು ಅಂತಿಲ್ಲ. ದೊಡ್ಡ ರಿಯಾಯಿತಿ ಅಂತ ನಾನು ಸುಮ್ನೆ ಖುಷಿಪಟ್ಟಿದ್ದೆ. ಅಂದಹಾಗೆ, ಊರಿನ ಮಿಕ್ಸಿ ತರಬಹುದಿತ್ತು. ಇಲ್ಲೂ 230 ವೋಲ್ಟೇ, ಪ್ಲಗ್‌ಗೆ ಅಡಾಪ್ಟರ್ ಸಾಕು.